ಎಲ್ ಕಮೀನೊ ರಿಯಾಲ್: ಗಂಟೆ ಜೊತೆ ಸಿಗ್ನಲ್ಲೂ ಇರಲಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕರಿಬೇವು, ಕೊತ್ತಂಬರಿ ತರಲು ನಾನು ವಾರವಾರ ಹೋಗುವ ರಸ್ತೆಯೇ ಎಲ್ ಕಮೀನೊ ರಿಯಾಲ್. ಸ್ಪ್ಯಾನಿಷ್‌ನಲ್ಲಿ ರಾಜರ ದಾರಿ ಅಂತ ಅರ್ಥ. ಸ್ಪೇನಿನವರು 1769ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಮೊದಲ ಮಿಷನ್ (ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಲು ಕಟ್ಟಿದ ಚರ್ಚು, ವಸತಿ) ಕಟ್ಟಿದರು. 1823ರಲ್ಲಿ ಸೊನೋಮಾದ್ದು ಕೊನೆಯದು. ಒಟ್ಟು 21. ಅವುಗಳ ನಡುವೆ ಹಾದುಹೋದ ದಾರಿಗೆ ನಮ್ಮ ಕಡೆ ಈಗ ರಾಜ್ಯ ಹೆದ್ದಾರಿ 82 ಅಂತ ನಂಬರ್.

ಈ ದಾರಿಯ ಫೋಟೊ ತೆಗೆಯುವುದು ಹೇಗೆ ಅಂತ ಹೇಳುತ್ತೇನೆ. ಮೊದಲ ಸಲ ಬೋರ್ಡು, ವೈರು, ಕಾರು ಎಲ್ಲ ಬಿಟ್ಟು, ದಾರಿಯ ಗುರುತಿಗೆ ನೆಟ್ಟ ಗಂಟೆಯೊಂದರ ಫೋಟೊ ಮಾತ್ರ ತೆಗೆದು ಊರಿಗೆ ಕಳಿಸಿದ್ದೆ. ಅಮ್ಮ ನೋಡಿ, "ಗಂಟೆ ಚೆನ್ನಾಗಿದೆ ಕಣೋ, ದಾರಿ ಎಲ್ಲಿ?" ಅಂದರು. ಅವತ್ತಿನಿಂದ ನಾನು ಏನನ್ನೂ ಮರೆಮಾಡುವುದಿಲ್ಲ.

ಗಂಟೆಯಿಂದಲೇ ಶುರುಮಾಡಿ. ರಸ್ತೆ ಬದಿಯಲ್ಲಿ ಕೊಕ್ಕೆಯಂತೆ ಬಾಗಿದ ಕಂಬ, ಅದರ ತುದಿಗೆ ಗಂಟೆ. ಇದು ಸ್ಪೇನಿನವರ ಕಾಲದ್ದಲ್ಲ. ದಾರಿಯ ಗುರುತಿಗೆ ಇಂಥವನ್ನು ನೆಡಲು ಶುರುಮಾಡಿದ್ದು 1906ರಲ್ಲಿ. ಎಲ್ಲರಿಗೂ ಇದು ಹೆಮ್ಮೆಯ ಗುರುತೂ ಅಲ್ಲ; ಮೂಲನಿವಾಸಿಗಳಿಗೆ ಇದು ಮಿಷನ್‌ಗಳಲ್ಲಿ ತಮ್ಮ ಹಿರಿಯರು ಪಟ್ಟ ಪಾಡಿನ ನೆನಪು. ಸಾಂತಾ ಕ್ರೂಝ್‌ನ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಗಂಟೆಯನ್ನು ಅಲ್ಲಿನ ಮೂಲನಿವಾಸಿಗಳಾದ ಅಮಾ ಮುತ್ಸುನ್ ಜನ ಕೇಳಿಕೊಂಡ ಮೇಲೆ 2019ರಲ್ಲಿ ತೆಗೆದರು. ಫೋಟೊದ ಕೆಳಗೆ ಎರಡು ಸಾಲು ಬರೆಯುವಾಗ ಇದನ್ನೂ ಬರೆಯಿರಿ.

ಹತ್ತಿರ ನಿಂತು ವೈಡ್ ಲೆನ್ಸ್‌ನಲ್ಲಿ ತೆಗೆದರೆ ಹಿಂದಿನ ಅಂಗಡಿಗಳೆಲ್ಲ ಚುಕ್ಕಿಯಾಗುತ್ತವೆ. ಫುಟ್‌ಪಾತ್ ಮೇಲೇ ಹಿಂದೆ ಸರಿದು 100 ಮಿ.ಮೀ. ಆಸುಪಾಸಿನ ಲೆನ್ಸ್ ಹಾಕಿ. ಫೋನಾದರೆ 3ಎಕ್ಸ್ ಸಾಕು. ಆಗ ಗಂಟೆ, ಸಿಗ್ನಲ್, ಅಂಗಡಿ ಬೋರ್ಡು ಒಂದರ ಹೆಗಲಿಗೆ ಒಂದು ತಾಗಿದಂತೆ ಬರುತ್ತವೆ. ಬಿಳಿ ಆಕಾಶದ ಎದುರು ಗಂಟೆ ಕಪ್ಪು ಮುದ್ದೆಯಾಗುತ್ತದೆ, ಹಾಗಾಗಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ, ಅಂದರೆ ಬೆಳಕು ಎರಡರಷ್ಟು. ಎಲ್‌ಇಡಿ ಬೋರ್ಡಿನಲ್ಲಿ ಪಟ್ಟಿ ಬಿದ್ದರೆ ಶಟರ್ ವೇಗ 1/60 ಸೆಕೆಂಡಿಗೆ ಇಳಿಸಿ ನೋಡಿ. ಬೋರ್ಡು ಕರೆಂಟಿನ ತಾಳಕ್ಕೆ ಮಿನುಗಬಹುದು; ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮೂರಿನಂತೆ 50 ಅಲ್ಲ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಹೊತ್ತಿಗೆ ಟ್ರೈಪಾಡ್ ಇಟ್ಟು ಶಟರ್ ನಾಲ್ಕು ಸೆಕೆಂಡು ತೆರೆದಿಟ್ಟರೆ ಕಾರಿನ ದೀಪಗಳೇ ದಾರಿಯನ್ನು ಬರೆಯುತ್ತವೆ.

ಆದರೆ ಮಣ್ಣಿನ ದಾರಿ ನೋಡಲೇಬೇಕು ಅಂದರೆ ದಕ್ಷಿಣಕ್ಕೆ ಸ್ಯಾನ್ ಹುವಾನ್ ಬಟಿಸ್ಟಾ ಅನ್ನುವ ಊರಿಗೆ ಹೋಗಿ. 1797ರ ಮಿಷನ್. ಪಕ್ಕದ ದಿಬ್ಬದ ಕೆಳಗೆ ಹಳೇ ದಾರಿಯ ಒಂದು ತುಂಡು ಇನ್ನೂ ಉಳಿದಿದೆ. ಭೂಕಂಪ ತರುವ ಸ್ಯಾನ್ ಆಂಡ್ರಿಯಾಸ್ ಎಂಬ ನೆಲದ ಬಿರುಕು ಹಾದುಹೋಗುವುದೂ ಅಲ್ಲೇ. ಆಚೆಗೆ ತರಕಾರಿ ಹೊಲ. ಬೆಳಗ್ಗೆ ಬೇಗ ಹೋಗಿ, ದಾರಿಯ ಉದ್ದಕ್ಕೆ ಮುಖಮಾಡಿ ಮೊಣಕಾಲೂರಿ. ಬಿಸಿಲು ಅಡ್ಡ ಬೀಳುವುದರಿಂದ ನೆಲದ ಏರು ತಗ್ಗು ಒಂದೊಂದೂ ಕಾಣುತ್ತದೆ. ಮಧ್ಯಾಹ್ನ ಸುಮ್ನೆ ಹುಲ್ಲುಹಾದಿಯಂತೆ ಇರುತ್ತದೆ ಅಷ್ಟೇ.

ದಿಬ್ಬದ ಮೇಲೆ ಸ್ಮಶಾನ. ನಾಲ್ಕು ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳನ್ನು ಅಲ್ಲಿ ಹೂತಿದ್ದಾರೆ. ಈ ಮಿಷನ್ ಕಟ್ಟಿದ ಕೈಗಳೂ ಆ ಜನರವೇ. ದಯವಿಟ್ಟು ಅಲ್ಲಿ ಸೆಲ್ಫಿ ಬೇಡ.

ಕೊನೆಗೆ ಚರ್ಚಿನೊಳಗೆ ಹೋಗಿ. ಪೂಜೆ ನಡೆಯುತ್ತಿದ್ದರೆ ಕಾಯಿರಿ, ಫ್ಲಾಶ್ ಹಾಕಬೇಡಿ. ನೆಲದ ಕೆಂಪು ಹೆಂಚುಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ. ಬಿಸಿಲಿಗೆ ಒಣಗಲು ಹಾಕಿದ್ದಾಗ ಪ್ರಾಣಿಗಳು ಅವುಗಳ ಮೇಲೆ ನಡೆದುಹೋಗಿವೆ. ಹೆಜ್ಜೆ ಗುರುತು ಹಾಗೇ ಉಳಿದಿದೆ. ಬಾಗಿಲಿನ ಬೆಳಕು ಓರೆಯಾಗಿ ಬೀಳುವ ಕಡೆ ಕೂತು, ಲೆನ್ಸನ್ನು ನೆಲಕ್ಕೆ ಒಂದು ಗೇಣು ಎತ್ತರದಲ್ಲಿ ಹಿಡಿಯಿರಿ. ಒಂದೊಂದು ಬೆರಳೂ ಬೇರೆಬೇರೆಯಾಗಿ ಕಾಣುತ್ತದೆ.