ನನ್ನ ಕಕ್ಷಿದಾರ ಯಾರು?

ಒಬ್ಬಳೇ ವಕೀಲಿಕೆ ಶುರು ಮಾಡಿದ ಮೊದಲೆರಡು ವರ್ಷ ಬಂದವರನ್ನೆಲ್ಲ ಒಳಗೆ ಕರೆದೆ. ವಿಚ್ಛೇದನ, ಉಯಿಲು, ಬಾಡಿಗೆ ಜಗಳ, ನಡುವೆ ಸಣ್ಣ ಕಂಪನಿಗಳ ಕರಾರು. ಯಾರ ಕೆಲಸ ಮಾಡಬೇಕು ಅಂತ ಆರಿಸುವುದು ಹೊಟ್ಟೆ ತುಂಬಿದವರ ಮಾತು ಅಂದುಕೊಂಡಿದ್ದೆ.

ಸುಸ್ತಾದಾಗ ಮೂರು ತಿಂಗಳು ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಫೈಲಿಗೆ ಎಷ್ಟು ಗಂಟೆ, ಎಷ್ಟು ಫೋನ್, ಬಿಲ್ ಕೊಟ್ಟಿದ್ದು ಯಾವಾಗ, ದುಡ್ಡು ಬಂದಿದ್ದು ಯಾವಾಗ. ಕಂಪನಿಗಳು ದುಡ್ಡು ಕೊಡುತ್ತವೆ, ಆದರೆ ಬಿಲ್ಲಿನಲ್ಲಿ 30 ದಿನ ಅಂತಿದ್ದರೆ ಅವರ ಅಕೌಂಟ್ಸ್‌ನವರ ಕ್ಯಾಲೆಂಡರಿನಲ್ಲಿ ಅದು 60. ಮನೆಮಂದಿ ಕೇಸಿನವರು ಫೀಸಿಗೆ ಚೌಕಾಸಿ ಮಾಡುತ್ತಾರೆ, ಆದರೆ ಅಡ್ವಾನ್ಸ್ ಕೇಳಿದರೆ ಹೆಚ್ಚಿನವರು ಕೊಡುತ್ತಾರೆ. ಅವರು ತಿನ್ನುವುದು ಸಮಯವನ್ನು. ಒಂದು ವಿಚ್ಛೇದನದ ಫೈಲಿನಲ್ಲಿ ಕಾನೂನಿನ ಮಾತಿಗಿಂತ ರಾತ್ರಿಯ ಸಮಾಧಾನದ ಫೋನೇ ಜಾಸ್ತಿ. ಅದಕ್ಕೆ ಬಿಲ್ ಹಾಕಲು ಮನಸ್ಸು ಬರಲಿಲ್ಲ. ಕೇಸು ಮುಗಿದ ಮೇಲೆ ಅವರು ಮತ್ತೆ ಬರುವುದೂ ಇಲ್ಲ. ಬರಬಾರದು ಅಂತಲೇ ಅಲ್ವಾ ನಾವೂ ಬಯಸುವುದು!

ಹಾಗಾಗಿ ತಿಂಗಳಿಗಿಷ್ಟು ಅಂತ ಫೀಸು ಕೊಡುವ ಸಣ್ಣ ಕಂಪನಿಗಳ ಕಡೆ ವಾಲಿದೆ. ಪೆಟ್ಟು ಬಿದ್ದಿದ್ದು ಅಲ್ಲೇ.

ಇಬ್ಬರು ಗೆಳೆಯರು ಸಮಪಾಲು ಹಾಕಿ ಕಟ್ಟಿದ ಕಂಪನಿ ಅದು. ಒಬ್ಬರು ನನ್ನ ಹತ್ತಿರ ಮಾತಾಡುತ್ತಿದ್ದರು, ಇನ್ನೊಬ್ಬರು ತೋರಿಸಿದ ಕಡೆ ಸಹಿ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಮೊದಲಿನವರು ಫೋನ್ ಮಾಡಿದರು. "ಮೇಡಂ, ಅವನನ್ನ ಹೊರಗೆ ಹಾಕ್ಬೇಕು. ನೋಟಿಸ್ ರೆಡಿ ಮಾಡಿ." ಸಂಜೆ ಇನ್ನೊಬ್ಬರು. "ನಮ್ಮ ಲಾಯರ್ ನೀವೇ ಅಲ್ವಾ ಮೇಡಂ? ನನ್ನ ಪಾಲು ಹೇಗೆ ಉಳಿಸ್ಕೊಳ್ಳೋದು ಹೇಳಿ."

ನನ್ನ ಕಕ್ಷಿದಾರ ಕಂಪನಿ, ಅವರಿಬ್ಬರಲ್ಲಿ ಯಾರೂ ಅಲ್ಲ. ಆದರೆ ಅದನ್ನು ನಾನು ಎಲ್ಲೂ ಬರೆದಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಇಬ್ಬರೂ ನಂಬಿ ಹೇಳಿದ ಮಾತುಗಳು ನನ್ನ ಹತ್ತಿರ ಇದ್ದವು. ಒಬ್ಬರ ಪರ ನಿಂತರೆ ಇನ್ನೊಬ್ಬರ ಗುಟ್ಟನ್ನು ಅವರ ಮೇಲೇ ತಿರುಗಿಸಿದ ಹಾಗೆ. ಬೇರೆ ಬೇರೆ ವಕೀಲರನ್ನು ನೋಡಿಕೊಳ್ಳಿ ಅಂತ ಇಬ್ಬರಿಗೂ ಹೇಳಿದೆ. ಇಬ್ಬರೂ ಸಿಟ್ಟಾದರು. ಕಂಪನಿಯ ಕೆಲಸವೂ ಹೋಯಿತು, ಆ ತಿಂಗಳ ಆಫೀಸ್ ಬಾಡಿಗೆಗೆ ಉಳಿತಾಯಕ್ಕೆ ಕೈಹಾಕಿದೆ.

ಈಗ ಕೆಲಸ ಒಪ್ಪಿಕೊಳ್ಳುವ ಪತ್ರದ ಮೊದಲ ಸಾಲಿನಲ್ಲೇ ಕಕ್ಷಿದಾರ ಯಾರು, ಯಾರು ಅಲ್ಲ ಅಂತ ಬರೆಯುತ್ತೇನೆ. ಯಾರ ಮಾತಿನ ಮೇಲೆ ನಾನು ಕೆಲಸ ಮಾಡಬೇಕು ಅನ್ನುವುದೂ ಅಲ್ಲೇ ಇರುತ್ತದೆ. ಮಾಲೀಕರ ಸ್ವಂತ ವಿಚ್ಛೇದನವನ್ನು ಮುಟ್ಟುವುದಿಲ್ಲ. ನಾನೇ ಬರೆದ ಕಂಪನಿ ಪತ್ರಗಳು ನಾಳೆ ಗಂಡ ಹೆಂಡತಿಯ ಆಸ್ತಿ ಲೆಕ್ಕದಲ್ಲಿ ಮೇಜಿನ ಮೇಲೆ ಬರುತ್ತವೆ. ಅಂಥವರನ್ನು ಒಬ್ಬ ಗೆಳತಿಯ ಆಫೀಸಿಗೆ ಕಳಿಸುತ್ತೇನೆ. ಉಯಿಲು ಮಾತ್ರ ಬಿಟ್ಟಿಲ್ಲ, ಆ ಕೆಲಸ ನನಗೆ ಸುಮ್ನೆ ಇಷ್ಟ.

ಹೋದ ತಿಂಗಳು ಆ ಸಹಿ ಹಾಕುತ್ತಿದ್ದವರು ತಮ್ಮ ಹೊಸ ಕಂಪನಿಯ ಕೆಲಸಕ್ಕೆ ಬಂದರು. ಪತ್ರ ಮುಂದಿಟ್ಟೆ. ಈ ಸಲ ಸಹಿ ಹಾಕುವ ಮುಂಚೆ ಪೂರ್ತಿ ಓದಿದರು.