ಹಳೆಯ ಔಟ್‌ಬೋರ್ಡ್ ಮೋಟಾರ್: ಹಗ್ಗ ಎಳೆಯುವ ಮುನ್ನ

ವರ್ಷಗಟ್ಟಲೆ ಮೂಲೆ ಸೇರಿದ್ದ, ದೋಣಿಯ ಹಿಂಬದಿಗೆ ಸಿಕ್ಕಿಸಿ ಓಡಿಸುವ ಔಟ್‌ಬೋರ್ಡ್ ಮೋಟಾರೊಂದು ಕೈಗೆ ಬಂದೊಡನೆ ಪೆಟ್ರೋಲ್ ಸುರಿದು, ಸ್ಟಾರ್ಟರ್ ಹಗ್ಗ ಎಳೆದು ನೋಡುವ ಆಸೆಯಾಗುವುದು ಸಹಜ. ಆದರೆ ಇಂಥ ಎಂಜಿನ್‌ಗಳಿಗೆ ವಯಸ್ಸಿಗಿಂತ ಹೆಚ್ಚಿನ ಹಾನಿ ಮಾಡುವುದು ಈ ಅವಸರವೇ. ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಮೋಟಾರಿನಿಂದ ಹಿಡಿದು 1960ರ ದಶಕದ ಮಾದರಿಗಳವರೆಗೆ ಬಹುಪಾಲು ಯಂತ್ರಗಳು ಸರಳವಾದ ಟೂ-ಸ್ಟ್ರೋಕ್ ರಚನೆಯವು. ಅವುಗಳ ಲೋಹ ಬಾಳುತ್ತದೆ, ರಬ್ಬರ್, ಕಾರ್ಕ್ ಮತ್ತು ವಿದ್ಯುತ್ ತಂತಿಯ ಹೊದಿಕೆ ಬಾಳುವುದಿಲ್ಲ.

ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಫ್ಲೈವೀಲನ್ನು (ಎಂಜಿನ್ನಿನ ಮೇಲ್ತುದಿಯ ಭಾರವಾದ ಚಕ್ರ) ಕೈಯಿಂದಲೇ ನಿಧಾನವಾಗಿ ತಿರುಗಿಸಿರಿ. ಅದು ಬಿಗಿದುಕೊಂಡಿದ್ದರೆ ಬಲ ಪ್ರಯೋಗಿಸದೆ ಮತ್ತೆ ಎಣ್ಣೆ ಹಾಕಿ ಕಾಯಿರಿ. ಬಳಿಕ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ, ಅಳೆಯುವಾಗ ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಎರಡೂ ಸಿಲಿಂಡರುಗಳು ಸರಿಸಮವಾಗಿವೆಯೇ ಎಂಬುದು ಮುಖ್ಯ. ವ್ಯತ್ಯಾಸ ಶೇಕಡಾ 10ರೊಳಗಿದ್ದರೆ ನೆಮ್ಮದಿಯಿಂದ ಮುಂದುವರಿಯಬಹುದು.

ಹೆಚ್ಚಿನ ತೊಂದರೆ ಇರುವುದು ಕಿಡಿಯಲ್ಲಿ. ಆರೋಗ್ಯವಂತ ಕಿಡಿ ಸುಮಾರು 6 ಮಿಲಿಮೀಟರ್ ಅಂತರವನ್ನು ಚಟಪಟ ಸದ್ದಿನೊಂದಿಗೆ ದಾಟಬೇಕು. ದಾಟದಿದ್ದರೆ ಫ್ಲೈವೀಲಿನ ಅಡಿಯಲ್ಲಿರುವ ಪಾಯಿಂಟುಗಳ (ತೆರೆದು ಮುಚ್ಚಿ ಕಿಡಿಯ ಸಮಯ ನಿರ್ಧರಿಸುವ ವಿದ್ಯುತ್ ಸಂಪರ್ಕಗಳು) ಮೇಲೆ ಕೂತಿರುವ ಕಿಲುಬನ್ನು ಒರೆಸಿ, ಕೈಪಿಡಿಯಲ್ಲಿ ಹೇಳಿದಷ್ಟು ಅಂತರವನ್ನು ಅವುಗಳ ನಡುವೆ ಹೊಂದಿಸಬೇಕು. ಜಾನ್ಸನ್, ಎವಿನ್‌ರೂಡ್ ಕಂಪನಿಗಳ ಮಾದರಿಗಳಲ್ಲಿ ಅನೇಕಕ್ಕೆ ಅದು 0.5 ಮಿಲಿಮೀಟರ್. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲುಗಳಲ್ಲಿ 1950ರ ದಶಕದವುಗಳ ಮೈ ಬಿರುಕು ಬಿಟ್ಟಿರುವುದೇ ಹೆಚ್ಚು. ಅವನ್ನು ತೇಪೆ ಹಾಕಿ ಬಳಸುವ ಬದಲು ಹೊಸತನ್ನು ಕೂಡಿಸುವುದೇ ಲೇಸು. ಫ್ಲೈವೀಲ್ ತೆಗೆಯಲು ಸರಿಯಾದ ಪುಲ್ಲರ್ (ಎಳೆದು ಕಳಚುವ ಸಾಧನ) ಬಳಸಿರಿ, ಏಕೆಂದರೆ ಸುತ್ತಿಗೆಯ ಒಂದು ಏಟಿಗೆ ಕ್ರ್ಯಾಂಕ್‌ಶಾಫ್ಟಿನ ತುದಿಯ ತಿರುಪಿನ ಎಳೆಗಳು ಹಾಳಾಗಬಹುದು.

ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣದಲ್ಲಿ ಊಹೆಗೆ ಅವಕಾಶವಿಲ್ಲ. ಸೂಜಿ ಬೇರಿಂಗುಗಳಿರುವ, 1964ರ ನಂತರದ ಹಲವು ಜಾನ್ಸನ್, ಎವಿನ್‌ರೂಡ್ ಮಾದರಿಗಳಿಗೆ 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಸಾಕು; ಸಾದಾ ಕಂಚಿನ ಬೇರಿಂಗುಗಳ ಹಳೆಯ ಮೋಟಾರುಗಳಿಗೆ 24ಕ್ಕೆ ಅಥವಾ 16ಕ್ಕೆ 1 ಬೇಕಾಗುತ್ತದೆ, ಹಳೆಯ ಬ್ರಿಟಿಷ್ ಸೀಗಲ್‌ಗಳಂತೂ 10ಕ್ಕೆ 1ನ್ನೇ ಕೇಳುತ್ತಿದ್ದವು. ಹೊಗೆ ಕಡಿಮೆಯಾಗಲೆಂದು ಎಣ್ಣೆ ಕಡಿತಗೊಳಿಸುವುದು ಬೇರಿಂಗುಗಳನ್ನು ಕೊಲ್ಲುವ ಉಳಿತಾಯ. ಎಥನಾಲ್ ಬೆರೆತ ಇಂಧನವು ಹಳೆಯ ರಬ್ಬರ್ ಕೊಳವೆಗಳನ್ನು ಮೆದುಗೊಳಿಸುತ್ತದೆ, ಕಾರ್ಬ್ಯುರೇಟರಿನಲ್ಲಿ ಇಂಧನದ ಮಟ್ಟ ಕಾಯುವ ಕಾರ್ಕ್ ಫ್ಲೋಟಿನ ಮೇಲಿನ ಅರಗಿನ ಲೇಪವನ್ನು ಕರಗಿಸುತ್ತದೆ. ಅದನ್ನು ತಪ್ಪಿಸಲಾಗದಿದ್ದರೆ ಈ ಭಾಗಗಳನ್ನು ಬದಲಿಸಿರಿ. ಎರಡು ಕೊಳವೆಗಳಿರುವ ಹಳೆಯ ಟ್ಯಾಂಕುಗಳಲ್ಲಿ ಒತ್ತಡವಿರುತ್ತದೆಯಾದ್ದರಿಂದ ಮುಚ್ಚಳ ತೆರೆಯುವ ಮುನ್ನ ಅದನ್ನು ಇಳಿಸುವುದನ್ನು ಮರೆಯಬಾರದು.

ಇಷ್ಟಾದರೂ ಮೋಟಾರನ್ನು ಗಾಳಿಯಲ್ಲಿ ಓಡಿಸಬೇಡಿ. ಎಂಜಿನ್ ತಣಿಸಲು ನೀರೆತ್ತುವ ಪಂಪಿನ ರಬ್ಬರ್ ಇಂಪೆಲರ್ (ರೆಕ್ಕೆಗಳ ಚಕ್ರ) ಒಣಗಿದ್ದಾಗ ಕ್ಷಣಗಳಲ್ಲಿ ಹರಿದುಹೋಗಬಹುದು. ಅದನ್ನು ಹೊಸದಾಗಿ ಕೂಡಿಸಿ, ನೀರು ತುಂಬಿದ ಪೀಪಾಯಿಯಲ್ಲಿ ಮೋಟಾರಿನ ಕೆಳಭಾಗವನ್ನು ಮುಳುಗಿಸಿಯೇ ಮೊದಲ ಬಾರಿಗೆ ಹಗ್ಗ ಎಳೆಯಿರಿ. ಗೇರ್ ಎಣ್ಣೆಯನ್ನು ಕೆಳಗಿನ ರಂಧ್ರದಿಂದ, ಮೇಲಿನದರಿಂದ ಹೊರಬರುವವರೆಗೆ ತುಂಬಬೇಕು. ಬರಿದು ಮಾಡಿದ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಸೀಲುಗಳ ಮೂಲಕ ನೀರು ನುಗ್ಗಿದೆ ಎಂದೇ ಅರ್ಥ. ಪ್ರೊಪೆಲರಿನ ಶಿಯರ್ ಪಿನ್ನನ್ನೂ ನೋಡಿರಿ: ಬಂಡೆಗೆ ತಗುಲಿದಾಗ ತಾನು ಮುರಿದು ಗೇರುಗಳನ್ನು ಕಾಯಬೇಕಾದ ಆ ಪಿನ್ನಿನ ಜಾಗದಲ್ಲಿ ಕಬ್ಬಿಣದ ಮೊಳೆಯಿದ್ದರೆ, ಹಿಂದಿನ ಮಾಲೀಕರ ಬಗ್ಗೆ ಬೇರೆ ವಿಚಾರಣೆ ಬೇಕಿಲ್ಲ.

ಉಪ್ಪುನೀರಿನಲ್ಲಿ ಓಡಿಸಿದ ಮೋಟಾರನ್ನು ಅಂದೇ ಸಿಹಿನೀರಿನಲ್ಲಿ ಓಡಿಸಿ ತೊಳೆಯಬೇಕು. ದೀರ್ಘಕಾಲ ಎತ್ತಿಡುವಾಗ ಇಂಧನ ಕೊಳವೆಯನ್ನು ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನೀರಿನಲ್ಲೇ ಓಡಿಸಿ ಕಾರ್ಬ್ಯುರೇಟರನ್ನು ಬರಿದು ಮಾಡಿ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಮೋಟಾರನ್ನು ನೆಟ್ಟಗೆ ನಿಲ್ಲಿಸಿಡಿ. ನೀರು ಪೂರ್ತಿ ಇಳಿಯುವ ಮುನ್ನವೇ ತಲೆ ತಗ್ಗಿಸಿ ಮಲಗಿಸಿದರೆ, ಕೆಳಭಾಗದಲ್ಲಿ ಉಳಿದ ನೀರು ಹೊಗೆ ಹೋಗುವ ದಾರಿಯಿಂದಲೇ ಸಿಲಿಂಡರಿಗೆ ಹರಿದುಬರುತ್ತದೆ.