ಕಳೆ ಮಿಷನ್, ಗ್ರೈಂಡರ್, ವುಡ್ ಕಟರ್: ಬ್ಲೇಡ್ ಬದಲಿಸುವ ಕೆಲಸ ಮನೆಯಲ್ಲೇ

ನಮ್ಮ ಮನೆ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಅಡಿಕೆ ತೋಟದ ಪಕ್ಕ. ಬ್ಲೇಡ್ ಹಾಕಿ ಓಡಿಸುವ ಮಿಷನ್ ನಮ್ಮಲ್ಲಿ ನಾಲ್ಕಿವೆ: ಕಳೆ ಹೊಡೆಯುವ ಮಿಷನ್, ಕಬ್ಬಿಣ ಕೊಯ್ಯುವ, ಉಜ್ಜುವ ನಾಲ್ಕಿಂಚಿನ ಗ್ರೈಂಡರ್, ಏಳಿಂಚಿನ ವುಡ್ ಕಟರ್, ಸಣ್ಣ ಬ್ಲೇಡ್ ಮೇಲೆ ಕೆಳಗೆ ಓಡುವ ಒಂದು ಜಿಗ್ ಸಾ. ಬ್ಲೇಡ್ ಬದಲಿಸಲು ಪೇಟೆಗೆ ಹೊರಟರೆ ಅರ್ಧ ದಿನ ಹೋಯಿತು. ಮಳೆ ಸ್ವಲ್ಪ ಬಿಡುವು ಕೊಟ್ಟಾಗಲೇ ತೋಟದ ಕಳೆ ಹೊಡೆದು ಮುಗಿಸಬೇಕು. ಆಗ ಅರ್ಧ ದಿನ ಸಣ್ಣ ಮಾತಲ್ಲ. ಅದಕ್ಕೇ ಈ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ.

ಮಾಡುತ್ತಾ ಮಾಡುತ್ತಾ ಒಂದು ವಿಷಯ ಗಮನಕ್ಕೆ ಬಂತು. ನಮ್ಮ ಕಡೆ ಇನ್ನೂ ಬಾಳಿಕೆ ಬರುವ ಬ್ಲೇಡನ್ನು ಎಸೆದು ಹೊಸದು ತರುತ್ತಾರೆ. ಎಸೆಯಲೇಬೇಕಾದ, ಬಿರುಕು ಬಿಟ್ಟ ಬ್ಲೇಡನ್ನು ಮಾತ್ರ ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕುತ್ತಾರೆ. ಎರಡೂ ತಪ್ಪು. ಎರಡನೆಯದು ಪ್ರಾಣಕ್ಕೇ ಅಪಾಯ.

ಮೊದಲು ನಟ್ ಬಿಚ್ಚುವ ವಿಷಯ. ನಟ್ ಅಂದರೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಅನ್ನೋದು ಕೈಗೆ ಬಂದ ರೂಢಿ. ಗ್ರೈಂಡರಿಗೆ ಅದು ಸರಿ. ಕಳೆ ಮಿಷನ್‌ಗೆ ಉಲ್ಟಾ. ಅದರ ನಟ್ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಕ್ಕೆ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ ಎಡಕ್ಕೆ ಜೋರಾಗಿ ತಿರುಗಿಸಿ ಥ್ರೆಡ್ ಹಾಳಾದ ಮಿಷನ್‌ಗಳನ್ನು ಅಕ್ಕಪಕ್ಕದ ಮನೆಗಳಲ್ಲಿ ನೋಡಿದ್ದೇನೆ.

ಯಾವ ಮಿಷನ್‌ಗೆ ಯಾವ ಕಡೆ ಅಂತ ಬಾಯಿಪಾಠ ಮಾಡಬೇಕಿಲ್ಲ. ಕೆಲಸ ಮಾಡುವಾಗ ಬ್ಲೇಡ್ ಯಾವ ಕಡೆಗೆ ತಿರುಗುತ್ತದೋ, ಅದೇ ಕಡೆಗೆ ನಟ್ ತಿರುಗಿಸಿದರೆ ಬಿಚ್ಚುತ್ತದೆ. ಕಾರಣ ಸರಳ. ಬ್ಲೇಡಿಗೆ ಕಟ್ಟಿಗೆಯೋ ಕಬ್ಬಿಣವೋ ಅಡ್ಡ ಸಿಕ್ಕಾಗ ಬ್ಲೇಡ್ ನಿಲ್ಲಲು ನೋಡುತ್ತದೆ. ಬ್ಲೇಡನ್ನು ತಿರುಗಿಸುವ ಶಾಫ್ಟ್ ಮಾತ್ರ ಓಡುತ್ತಲೇ ಇರುತ್ತದೆ. ಹಿಂದೆ ಉಳಿದ ಬ್ಲೇಡ್ ನಟ್ಟನ್ನೂ ಹಿಂದಕ್ಕೆ ಎಳೆಯುತ್ತದೆ. ಆ ಎಳೆತಕ್ಕೆ ನಟ್ ಬಿಗಿಯಾಗಬೇಕೇ ಹೊರತು ಸಡಿಲ ಆಗಬಾರದು ಅಲ್ವಾ? ಹಾಗಾಗಿ ಥ್ರೆಡ್ ಹಾಕುವಾಗಲೇ ದಿಕ್ಕು ನೋಡಿ ಹಾಕಿರುತ್ತಾರೆ. ಮಿಷನ್ ಮೇಲೆ ಬಾಣದ ಗುರುತು ಇದ್ದೇ ಇರುತ್ತದೆ. ಅದನ್ನು ನೋಡಿದರೆ ಸಾಕು. ಈ ಲೆಕ್ಕ ನನ್ನ ಹತ್ತಿರ ಇರುವ ತಿರುಗುವ ಮಿಷನ್‌ಗಳಿಗೆಲ್ಲ ಸರಿಹೋಗಿದೆ.

ಇನ್ನೊಂದು, ಕರೆಂಟಿನ ಮಾತು. ನಮ್ಮ ಕಡೆ ಕೆಲಸದ ನಡುವೆ ಕರೆಂಟ್ ಹೋಗುವುದು ಮಾಮೂಲು. ಮಿಷನ್ ನಿಂತಿತು, ಹೇಗೂ ಕರೆಂಟ್ ಇಲ್ಲ, ಈಗಲೇ ಬ್ಲೇಡ್ ಬದಲಿಸಿಬಿಡೋಣ ಅಂತ ಅನ್ನಿಸುತ್ತದೆ. ಗ್ರೈಂಡರಿನ ಸ್ವಿಚ್ ಆನ್ ಆಗಿಯೇ ಉಳಿದಿರುತ್ತದೆ. ಬೆರಳು ಬ್ಲೇಡಿನ ಮೇಲಿರುವಾಗ ಕರೆಂಟ್ ಬಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು, ಅದರ ತುದಿಯನ್ನು ನನ್ನ ಕಣ್ಣೆದುರೇ ಇಟ್ಟುಕೊಂಡು ಕೆಲಸ ಶುರು ಮಾಡುತ್ತೇನೆ. ಕಳೆ ಮಿಷನ್ ಪೆಟ್ರೋಲಿನದು. ಅದಕ್ಕೆ ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡುತ್ತೇನೆ.

ಕಳೆ ಮಿಷನ್‌ನದೇ ಹೆಚ್ಚು ಕೆಲಸ, ಅದನ್ನೇ ವಿವರವಾಗಿ ಹೇಳುತ್ತೇನೆ.

ಮಿಷನ್ ಮಲಗಿಸಿ, ಗೇರ್ ಬಾಕ್ಸಿಗೆ ಮೆತ್ತಿದ ಹುಲ್ಲನ್ನೆಲ್ಲ ಕೆರೆದು ತೆಗೆಯಬೇಕು. ಗೇರ್ ಬಾಕ್ಸಿನ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಬ್ಲೇಡಿನ ಮೇಲಿರುವ ದಪ್ಪ ವಾಷರಿನಲ್ಲೂ ಒಂದು ತೂತು ಅಥವಾ ಕಚ್ಚು ಇರುತ್ತದೆ. ಬ್ಲೇಡನ್ನು ನಿಧಾನಕ್ಕೆ ತಿರುಗಿಸಿ ಎರಡೂ ಒಂದೇ ನೇರಕ್ಕೆ ಬಂದಾಗ ಎಲ್ ಆಕಾರದ ಕಂಬಿ, ಅಂದರೆ ಅಲೆನ್ ಕೀ ತೂರಿಸಿದರೆ ಶಾಫ್ಟ್ ಲಾಕ್ ಆಗುತ್ತದೆ. ಆಮೇಲೆ ಪಾನಾ ಹಾಕಿ ಬಲಕ್ಕೆ ತಿರುಗಿಸಬೇಕು. ನಟ್, ಅದರ ಕೆಳಗಿನ ಕಬ್ಬಿಣದ ಬಟ್ಟಲು, ತೆಳು ವಾಷರ್, ಬ್ಲೇಡ್, ಹೀಗೆ ಒಂದೊಂದಾಗಿ ಬರುತ್ತವೆ. ಬಂದ ಕ್ರಮದಲ್ಲೇ ಒಂದು ಗೋಣಿಯ ಮೇಲೆ ಸಾಲಾಗಿ ಇಟ್ಟರೆ ತಿರುಗಿ ಜೋಡಿಸುವಾಗ ಗೊಂದಲವಿಲ್ಲ.

ಬ್ಲೇಡ್ ಕೂರುವ ಜಾಗ ತುಂಬಾ ಮುಖ್ಯ. ಮೇಲಿನ ವಾಷರಿನ ನಡುವೆ ಉಂಗುರದ ಹಾಗೆ ಉಬ್ಬಿದ ಭಾಗ ಇರುತ್ತದೆ. ಬ್ಲೇಡಿನ ತೂತು ಅದರ ಮೇಲೆ ಸರಿಯಾಗಿ ಕೂರಬೇಕು. ನಮ್ಮ ಮಿಷನ್‌ಗೆ 25.4 ಮಿ.ಮೀ., ಅಂದರೆ ಸರಿಯಾಗಿ ಒಂದು ಇಂಚು. ಕೆಲವು ಮಿಷನ್‌ಗಳದು 20 ಮಿ.ಮೀ. ಒಂದಿಂಚಿನ ತೂತಿನ ಬ್ಲೇಡನ್ನು 20 ಮಿ.ಮೀ. ವಾಷರಿಗೆ ಹಾಕಿ ನಟ್ ಬಿಗಿದರೆ ಸುಮ್ನೆ ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ. ಓಡಿಸಿದಾಗ ಬ್ಲೇಡ್ ನಡುವಿನಿಂದ ಎರಡು ಮೂರು ಮಿ.ಮೀ. ಸರಿದಿರುತ್ತದೆ, ಕೈಯೆಲ್ಲ ಜುಮ್ ಅನ್ನುತ್ತದೆ. ಆ ಅದುರಾಟಕ್ಕೆ ಗೇರ್ ಬಾಕ್ಸಿನ ಬೇರಿಂಗ್ ಬೇಗ ಹೋಗುತ್ತದೆ. ಉಬ್ಬಿದ ಭಾಗದ ಸುತ್ತ ಒಣಗಿದ ಮಣ್ಣು ಇದ್ದರೂ ಬ್ಲೇಡ್ ಓರೆಯಾಗಿ ಕೂರುತ್ತದೆ. ಬಟ್ಟೆಯಲ್ಲಿ ಒರೆಸಿಯೇ ಹಾಕಬೇಕು.

ಈಗ ಸಾಣೆ. ನಾನು ತೋಟಕ್ಕೆ ಹೆಚ್ಚಾಗಿ ಮೂರು ಹಲ್ಲಿನ, 255 ಮಿ.ಮೀ. ಬ್ಲೇಡ್ ಹಾಕುತ್ತೇನೆ. ಅದು ಮೊಂಡಾಯಿತು ಅಂತ ಎಸೆಯಬೇಕಿಲ್ಲ. ನಮ್ಮದರಂತೆ ಹಲ್ಲಿನ ಎರಡೂ ಬದಿಗೆ ಅಲಗು ಇರುವ ಚಪ್ಪಟೆ ಬ್ಲೇಡಾದರೆ ಬೋರಲು ಹಾಕಿದರೆ ಹೊಸ ಅಲಗು ಸಿಕ್ಕಿತು. ಎರಡೂ ಬದಿ ಸವೆದ ಮೇಲೆ ಚಪ್ಪಟೆ ಅರ ಹಿಡಿದು ಉಜ್ಜುತ್ತೇನೆ. ಮೊದಲಿನ ಓರೆ ಎಷ್ಟಿತ್ತೋ ಅಷ್ಟೇ ಇರಬೇಕು, ಸುಮಾರು 30 ಡಿಗ್ರಿ. ಪ್ರತಿ ಹಲ್ಲಿಗೂ ಒಂದೇ ಲೆಕ್ಕದಲ್ಲಿ ಅರ ಎಳೆಯಬೇಕು. ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಆದರೆ ತೂಕ ತಪ್ಪುತ್ತದೆ. ತೂಕ ನೋಡಲು ಸ್ಕ್ರೂಡ್ರೈವರನ್ನು ವೈಸಿನಲ್ಲಿ ಅಡ್ಡ ಕಚ್ಚಿಸಿ ಬ್ಲೇಡಿನ ನಡುವಿನ ತೂತನ್ನು ಅದಕ್ಕೆ ನೇತು ಹಾಕುತ್ತೇನೆ. ಬೇರೆ ಬೇರೆ ಹಲ್ಲು ಮೇಲೆ ಮಾಡಿ ಬಿಟ್ಟು ನೋಡುತ್ತೇನೆ. ಪ್ರತಿ ಸಲ ಒಂದೇ ಹಲ್ಲು ಕೆಳಗೆ ಬಂದು ನಿಂತರೆ ಆ ಹಲ್ಲು ಭಾರ. ಅದನ್ನೇ ಇನ್ನಷ್ಟು ಉಜ್ಜಬೇಕು.

ಹಲ್ಲಿನ ಬುಡದಲ್ಲಿರುವ ದುಂಡನೆಯ ತಿರುವನ್ನು ಮಾತ್ರ ಅರದಿಂದ ಚೂಪು ಮೂಲೆ ಮಾಡಬೇಡಿ. ಬಿರುಕು ಹುಟ್ಟುವುದೇ ಅಂಥ ಮೂಲೆಯಲ್ಲಿ.

ಬೇಗ ಆಗುತ್ತದೆ ಅಂತ ಗ್ರೈಂಡರ್ ಹಿಡಿದು ಸಾಣೆ ಮಾಡುವವರು ಬಹಳ ಜನ. ಅಲಗು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿಯ ಉಕ್ಕು ಬಿಸಿಗೆ ಮೆತ್ತಗಾಯಿತು ಎಂದೇ ಅರ್ಥ. ಆಮೇಲೆ ಎಷ್ಟು ಚೂಪು ಮಾಡಿದರೂ ಸ್ವಲ್ಪ ಹೊತ್ತಿನಲ್ಲೇ ಮೊಂಡಾಗುತ್ತದೆ. ಅರದಲ್ಲಿ ಆ ಸಮಸ್ಯೆ ಇಲ್ಲ. ಒಂದು ಬ್ಲೇಡಿಗೆ ಟೀ ಕಾಯಿಸುವಷ್ಟು ಹೊತ್ತು ಸಾಕು.

ಸಾಣೆಗೆ ಮುಂಚೆ ನಾನು ತಪ್ಪದೆ ಮಾಡುವ ಕೆಲಸ ಬಿರುಕು ನೋಡುವುದು. ಬ್ಲೇಡನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಹಲ್ಲಿನ ಬುಡ ಮತ್ತು ನಡುವಿನ ತೂತಿನ ಸುತ್ತ ನೋಡುತ್ತೇನೆ. ದಾರದಲ್ಲಿ ನೇತು ಹಾಕಿ ಸಣ್ಣದಾಗಿ ತಟ್ಟಿದರೆ ಒಳ್ಳೆ ಬ್ಲೇಡ್ ಠಣ್ ಅನ್ನುತ್ತದೆ. ಒಡಕು ದನಿ ಬಂದರೆ ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ನಮ್ಮ ತೋಟದ ಬದುವಿನಲ್ಲಿ ಜಂಬಿಟ್ಟಿಗೆ ಕಲ್ಲು ಜಾಸ್ತಿ. ಕಲ್ಲಿಗೆ ಬಡಿದಾಗೆಲ್ಲ ಮಿಷನ್ ನಿಲ್ಲಿಸಿ ಒಮ್ಮೆ ನೋಡುವುದು ಒಳ್ಳೆಯದು. ಬಿರುಕಿಗೆ ವೆಲ್ಡಿಂಗ್ ಹೊಡೆದ ಬ್ಲೇಡ್ ಹೊರಗಿನಿಂದ ಗಟ್ಟಿ ಕಂಡರೂ ವೆಲ್ಡಿಂಗಿನ ಅಕ್ಕಪಕ್ಕದ ಉಕ್ಕು ಪೆಡಸಾಗಿರುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಒಂದು ಹಲ್ಲು ಮುರಿದು ಹಾರಿದರೆ ಕಾಲಿಗೋ, ಪಕ್ಕದಲ್ಲಿ ಸೋಗೆ ಹೆಕ್ಕುವವರಿಗೋ ತಾಗುತ್ತದೆ. ಸೊಟ್ಟಗಾದ ಬ್ಲೇಡನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡುವುದೂ ಇಂಥದ್ದೇ. ದಯವಿಟ್ಟು ಮಾಡಬೇಡಿ, ಮಾಡಿಸಬೇಡಿ.

ನಟ್ ಕೂಡ ಸವೆಯುವ ಸಾಮಾನು. ಬಹಳಷ್ಟು ಮಿಷನ್‌ಗಳಲ್ಲಿ ತಾನೇ ಕಚ್ಚಿಕೊಳ್ಳುವ ನಟ್ ಇರುತ್ತದೆ, ಅದನ್ನು ಬಿಗಿಯಲು ಕೊನೆಯವರೆಗೂ ಪಾನಾ ಬೇಕು. ಬೆರಳಲ್ಲೇ ಸಲೀಸಾಗಿ ತಿರುಗಲು ಶುರುವಾದರೆ ಹೊಸ ನಟ್ ಹಾಕಬೇಕು. ಅಂಗಡಿಯಲ್ಲಿ ಕೇಳುವಾಗ ಹಳೆಯದನ್ನು ತೆಗೆದುಕೊಂಡು ಹೋಗಿ, ಉಲ್ಟಾ ಥ್ರೆಡ್ಡಿನದು ಅಂತ ಹೇಳಿ. ಕೆಳಗಿನ ಬಟ್ಟಲು ನೆಲಕ್ಕೆ ಉಜ್ಜಿ ಉಜ್ಜಿ ತೆಳುವಾಗುತ್ತದೆ. ಅದು ನಟ್ಟಿನ ತಲೆಯನ್ನು ಕಾಯುತ್ತದೆ. ಅದು ತೂತು ಬಿದ್ದ ಮೇಲೆ ನಟ್ಟಿನ ಮೂಲೆಗಳು ಸವೆದು ಪಾನಾ ಕಚ್ಚುವುದೇ ಇಲ್ಲ. ಬ್ಲೇಡ್ ಬಿಚ್ಚಿದಾಗಲೇ ಗೇರ್ ಬಾಕ್ಸಿಗೆ ಸ್ವಲ್ಪ ಗ್ರೀಸ್ ತುಂಬಿಸಿಬಿಡುತ್ತೇನೆ.

ಎಳೆ ಅಡಿಕೆ ಸಸಿ, ಸ್ಪ್ರಿಂಕ್ಲರ್ ಪೈಪ್ ಇರುವ ಕಡೆ ಲೋಹದ ಬ್ಲೇಡ್ ತೆಗೆದು ನೈಲಾನ್ ದಾರದ ತಲೆ ಹಾಕುತ್ತೇನೆ. 1971ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಜಾರ್ಜ್ ಬ್ಯಾಲಸ್ ಎಂಬವರು ಕಾರು ತೊಳೆಯುವ ಮಿಷನ್ನಿನ ತಿರುಗುವ ನೈಲಾನ್ ಬ್ರಷ್ ನೋಡಿ ಈ ಉಪಾಯ ಹುಡುಕಿದರಂತೆ. ಬ್ರಷ್ಷಿನ ಹಾಗೆ ಇದೂ ಗಟ್ಟಿ ವಸ್ತುವಿಗೆ ಬಡಿದಾಗ ಬಾಗುತ್ತದೆ. ಆದರೂ ಎಳೆ ಸಸಿಯ ಸಿಪ್ಪೆಯನ್ನು ಅದು ಸುಲಿಯಬಲ್ಲದು, ಬುಡದಿಂದ ಒಂದು ಗೇಣು ಬಿಟ್ಟೇ ಹೊಡೆಯಬೇಕು. ಬೇಸಿಗೆಯಲ್ಲಿ ಒಣಗಿದ ದಾರ ಪಟಪಟ ಮುರಿಯುತ್ತದೆ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಹೆಚ್ಚು ಹೊತ್ತು ಬರುತ್ತದೆ.

ಗ್ರೈಂಡರಿನಲ್ಲಿ ಬ್ಲೇಡ್ ಬದಲಿಸುವುದು ಸುಲಭ, ಆಯ್ಕೆಯಲ್ಲೇ ಎಚ್ಚರ ಬೇಕು. ನಾಲ್ಕಿಂಚಿನ ಡಿಸ್ಕಿನ ತೂತು 16 ಮಿ.ಮೀ., ಐದಿಂಚಿನದು 22.23 ಮಿ.ಮೀ. ಪ್ರತಿ ಡಿಸ್ಕಿನ ಮೇಲೆ ಅದು ತಡೆಯುವ ಗರಿಷ್ಠ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರೆದಿರುತ್ತಾರೆ. ನಾಲ್ಕಿಂಚಿನ ಕಟಿಂಗ್ ಡಿಸ್ಕಿನ ಮೇಲೆ ಸಾಮಾನ್ಯವಾಗಿ 15,000ಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ಏಳಿಂಚಿನದರ ಮೇಲೆ ಸುಮಾರು 8,500. ನಮ್ಮ ಸಣ್ಣ ಗ್ರೈಂಡರ್ ಓಡುವುದು 11,000 ಸುತ್ತಿನಲ್ಲಿ. ಡಿಸ್ಕನ್ನು ಮುಚ್ಚುವ ಗಾರ್ಡ್ ಕಿತ್ತು ದೊಡ್ಡ ಡಿಸ್ಕ್ ಸಿಕ್ಕಿಸಿದರೆ ಅದು ತನ್ನ ಮಿತಿ ದಾಟಿ ತಿರುಗುತ್ತದೆ, ಚೂರಾದರೆ ತಡೆಯಲು ಗಾರ್ಡೂ ಇಲ್ಲ. ನಾಲ್ಕಿಂಚಿನ ಡಿಸ್ಕಿನ ಅಂಚೇ ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಡಿಸ್ಕಿನ ನಡುವಿನ ಲೋಹದ ಉಂಗುರದಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ವಾಯಿದೆ. ರಾಳದಲ್ಲಿ ಕಟ್ಟಿದ ಕಟಿಂಗ್ ಡಿಸ್ಕಿಗೆ ತಯಾರಾದ ಮೇಲೆ ಮೂರು ವರ್ಷ. ಅದು ತೇವ ಹೀರಿಕೊಂಡು ಬಲ ಕಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೊಟ್ಟಿಗೆಯ ಗೂಟಕ್ಕೆ ಡಿಸ್ಕ್ ನೇತು ಹಾಕಿ ಬಿಟ್ಟರೆ ವಾಯಿದೆಯ ಮಾತೇ ಇಲ್ಲ. ನಾನು ಡಬ್ಬದಲ್ಲಿ ಚಪ್ಪಟೆಯಾಗಿ ಜೋಡಿಸಿ, ಅಟ್ಟದ ಬೆಚ್ಚನೆ ಜಾಗದಲ್ಲಿ ಇಡುತ್ತೇನೆ.

ಡಿಸ್ಕ್ ಹಿಡಿಯುವ ನಟ್ಟಿನ ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಉಬ್ಬು. ತೆಳು ಕಟಿಂಗ್ ಡಿಸ್ಕಿಗೆ ಚಪ್ಪಟೆ ಮುಖ ಡಿಸ್ಕಿನ ಕಡೆಗೆ ಇರಬೇಕು. ಉಜ್ಜುವ ದಪ್ಪ ಡಿಸ್ಕಿಗೆ ಉಬ್ಬು ಮುಖ. ಡಿಸ್ಕ್ ಕಬ್ಬಿಣದಲ್ಲಿ ಸಿಕ್ಕಿಕೊಂಡಾಗ ನಟ್ ಎಷ್ಟು ಬಿಗಿಯಾಗುತ್ತದೆ ಅಂದರೆ ಪಾನಾಕ್ಕೂ ಜಗ್ಗುವುದಿಲ್ಲ. ಆಗ ಸುತ್ತಿಗೆ ಉಳಿ ತರಬೇಡಿ, ಶಾಫ್ಟ್ ಹಿಡಿದಿಡುವ ಲಾಕ್ ಪಿನ್ ಮುರಿಯುತ್ತದೆ. ಹೇಗೂ ಸವೆದ ಡಿಸ್ಕ್ ತಾನೇ? ಕಣ್ಣು ಕಾಯುವ ಕನ್ನಡಕ ಹಾಕಿಕೊಂಡು, ಇಕ್ಕಳದಲ್ಲಿ ಅದನ್ನು ಅಂಚಿನಿಂದ ಚೂರು ಚೂರು ಮುರಿಯುತ್ತಾ ನಟ್ಟಿನ ಬುಡದವರೆಗೆ ಬನ್ನಿ. ನಡುವೆ ಒತ್ತಿ ಹಿಡಿದಿದ್ದು ಸಡಿಲವಾದ ಕೂಡಲೇ ನಟ್ ತಾನಾಗಿ ಬಿಟ್ಟುಕೊಳ್ಳುತ್ತದೆ.

ಗ್ರೈಂಡರಿಗೆ, ಮಾರ್ಬಲ್ ಕಟರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು ಎಲ್ಲ ಕಡೆ ನಡೆಯುತ್ತಿದೆ. ನಾನು ಹಾಕುವುದಿಲ್ಲ. ವುಡ್ ಕಟರಿನಲ್ಲಿ ಕೆಳಗಿನ ಗಾರ್ಡ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಸುತ್ತೂ ಕಡಿಮೆ. ಗ್ರೈಂಡರಿನಲ್ಲಿ ಹಲ್ಲು ಬಯಲಲ್ಲೇ ಇರುತ್ತದೆ. ಗಂಟಿಗೆ ಸಿಕ್ಕಿಕೊಂಡರೆ ಮಿಷನ್ ಇಡಿಯಾಗಿ ಹಿಂದಕ್ಕೆ ಎಗರುತ್ತದೆ.

ವುಡ್ ಕಟರಿನ ಬ್ಲೇಡ್ ಕೊಯ್ಯುತ್ತಿಲ್ಲ, ಮರ ಸುಟ್ಟ ವಾಸನೆ ಬರುತ್ತಿದೆ ಅಂದರೆ ಮೊದಲು ತೊಳೆದು ನೋಡಿ. ನಾವು ಹಲಸು ಜಾಸ್ತಿ ಕೊಯ್ಯುತ್ತೇವೆ. ಅದರ ಅಂಟು ಹಲ್ಲಿನ ಪಕ್ಕಕ್ಕೆ ಮೆತ್ತಿ ಕರ್ರಗೆ ಗಟ್ಟಿಯಾಗುತ್ತದೆ. ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಳೆ ಟೂತ್ ಬ್ರಷ್‌ನಲ್ಲಿ ಉಜ್ಜಿದರೆ, ಸತ್ತೇಹೋಯಿತು ಅಂದುಕೊಂಡ ಬ್ಲೇಡ್ ಮತ್ತೆ ಕೊಯ್ಯುತ್ತದೆ. ಸಾಗುವಾನಿಯ ಕಥೆ ಬೇರೆ. ಅದರಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಹಲ್ಲು ನಿಜಕ್ಕೂ ಸವೆಯುತ್ತದೆ. ಕಾರ್ಬೈಡ್ ಎಂಬ ತುಂಬ ಗಟ್ಟಿ ವಸ್ತುವಿನ ತುದಿ ಇರುವ ಹಲ್ಲಿಗೆ ಅರ ನಾಟುವುದಿಲ್ಲ. ವಜ್ರದ ಚಕ್ರ ಇರುವ ಸಾಣೆ ಅಂಗಡಿಗೇ ಕೊಡಬೇಕು. ಒಂದೆರಡು ಹಲ್ಲಿನ ತುದಿ ಉದುರಿದ್ದರೆ ನಾನು ಹೊಸದೇ ತರುತ್ತೇನೆ.

ಹೊಸದು ತರುವಾಗ ತೂತಿನ ಅಳತೆ ನೋಡಿ: 20, 25.4, 30 ಹೀಗೆ ಬೇರೆ ಬೇರೆ ಬರುತ್ತದೆ. ಜೊತೆಗೆ ಕೊಡುವ ರಿಂಗ್ ಬ್ಲೇಡಿಗಿಂತ ದಪ್ಪ ಇರಬಾರದು, ಇದ್ದರೆ ವಾಷರ್ ಬ್ಲೇಡನ್ನು ಹಿಡಿಯದೆ ರಿಂಗನ್ನೇ ಹಿಡಿಯುತ್ತದೆ. ನಾರಿನ ಉದ್ದಕ್ಕೆ ಸೀಳಲು 24 ಹಲ್ಲು, ಪ್ಲೈವುಡ್ಡಿಗೆ 60, ಎಲ್ಲಕ್ಕೂ ಒಂದೇ ಸಾಕು ಅಂದರೆ 40. ಬ್ಲೇಡಿನ ಬಾಣವೂ ಗಾರ್ಡಿನ ಬಾಣವೂ ಒಂದೇ ಕಡೆ ಇರಲಿ. ಮುಂಭಾಗದಲ್ಲಿ ಹಲ್ಲು ಮೇಲ್ಮುಖವಾಗಿರಬೇಕು. ಹಾಗಾಗಿ ಹಲಗೆಯ ಮೇಲಿನ ಮುಖದಲ್ಲೇ ಸಿಬರು ಏಳುತ್ತದೆ. ಚೆಂದ ಕಾಣಬೇಕಾದ ಮುಖವನ್ನು ಕೆಳಗೆ ಹಾಕಿ ಕೊಯ್ಯುತ್ತೇನೆ.

ಜಿಗ್ ಸಾಗೂ ಇದೇ ಮಾತು, ಅದರ ಹಲ್ಲೂ ಮೇಲ್ಮುಖ. ಅದರಲ್ಲಿ ನಟ್ಟೇ ಇಲ್ಲ. ಬ್ಲೇಡಿನ ತಲೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಇರುತ್ತದೆ, ಒತ್ತಿದರೆ ಟಕ್ ಅಂತ ಕೂರುತ್ತದೆ. ಕೂತ ಮೇಲೆ ಕೆಳಗೆ ಎಳೆದು ನೋಡಬೇಕು. ಬ್ಲೇಡಿನ ಬೆನ್ನು ಹಿಂದಿನ ಸಣ್ಣ ರೋಲರಿನ ಕಚ್ಚಿಗೆ ತಾಗಿಯೇ ಇರಬೇಕು. ಅಲ್ಲಿ ಸಂದು ಇದ್ದರೆ ಬ್ಲೇಡ್ ಬಾಗಿ, ಕೊಯ್ದ ಗೆರೆ ಮೇಲೊಂದು ಕೆಳಗೊಂದು ಆಗುತ್ತದೆ. ಮೊಂಡಾದ ಜಿಗ್ ಸಾ ಬ್ಲೇಡಿಗೆ ಸಾಣೆ ಹಿಡಿಯುತ್ತಾ ಕೂರಬೇಡಿ. ಅದು ಅಗ್ಗ, ಹಲ್ಲು ಬಹಳ ಸಣ್ಣದು. ಮರಕ್ಕೆ ಒಂದು ಪ್ಯಾಕ್, ಕಬ್ಬಿಣಕ್ಕೆ ಒಂದು ಪ್ಯಾಕ್ ಮನೆಯಲ್ಲಿ ಇಟ್ಟುಕೊಂಡರೆ ಸಾಕು.